ಬ್ಯಾಡ ಅಂದವರ ವಹಿ

ನಾನು ನಿಂತಿದ್ದದ್ದು ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ, ಒಂದು ಗೋದಾಮಿನ ಗೇಟಿನ ಒಳಗೆ, ಗೇಟಿನಿಂದ ಆರು ಹೆಜ್ಜೆ ದೂರದ ಬೇವಿನ ಮರದ ಕೆಳಗೆ. ಬರದ ಎರಡನೆಯ ವರ್ಷ, ಮಾರ್ಚ್ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದು ನಲವತ್ತು. ವೇಳೆ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಮರದ ಕೆಳಗೆ ಟೇಬಲ್ ಹಾಕಿಕೊಂಡು ಕೂಲಿಯವರ ಹೆಸರುಗಳನ್ನು ಲ್ಯಾಪ್‌ಟಾಪಿನಲ್ಲಿ ಸೇರಿಸುತ್ತಿದ್ದೆ. ಒಂದು ಹೆಸರು ಸೇರಿಸಿ ಆಗಷ್ಟೇ ಎದ್ದು ನಿಂತಿದ್ದೆ. ಆ ಹೆಸರಿನ ಪಕ್ಕದಲ್ಲಿ ಬಿದ್ದ ವೇಳೆ ಅದು.

ಗೇಟಿನ ಹೊರಗೆ ಬಿಳಿ ಜೀಪೊಂದು ಬಂದು ನಿಂತಿತು. ಇಬ್ಬರು ಇಳಿದರು. ಮುಂದಿದ್ದವನು ತನ್ನ ಫೋನನ್ನು ಕಾವಲುಗಾರ ಮಾರುತಿಯ ಮುಖದ ಹತ್ತಿರ ಹಿಡಿದು ಏನೋ ಕೇಳಿದ. ಪರದೆಯ ಮೇಲ್ಭಾಗದಲ್ಲಿದ್ದ ಹಸಿರು ಪಟ್ಟಿಯನ್ನು ನಾನು ಅಲ್ಲಿಂದಲೇ ಗುರುತಿಸಿದೆ. ಅದು ನಮ್ಮ ಸಂಸ್ಥೆಯ ವೆಬ್‌ಸೈಟು. ಯಾರ ಮಾಹಿತಿ ಯಾರಿಗೆ ಕಾಣಬೇಕು, ಯಾರಿಗೆ ಕಾಣಬಾರದು ಎಂಬ ಅದರ ಒಪ್ಪಿಗೆಯ ಸೆಟ್ಟಿಂಗುಗಳನ್ನು ಆಗ ನೋಡಿಕೊಳ್ಳುತ್ತಿದ್ದವನು ನಾನು.

ಆಮೇಲಿನ ನಾಲ್ಕು ನಿಮಿಷದಲ್ಲಿ ಏನಾಯಿತು ಎನ್ನುವ ಮೊದಲು ಈ ಕೆಲಸ ಎಂಥದ್ದೆಂದು ಹೇಳಬೇಕು. ಹೋದ ತಿಂಗಳು ಭಾಲ್ಕಿಯ ನಮ್ಮ ಮನೆಗೆ ಇಬ್ಬರು ಹುಡುಗಿಯರು ಬಂದಿದ್ದರು. ಇದೇ ಕೆಲಸಕ್ಕೆ ಹೊಸದಾಗಿ ಸೇರಿದವರು. ಒಬ್ಬಳು ಕೇಳಿದಳು, "ಕಾಕಾ, ಈ ಕೆಲಸದಾಗ ಅಂಥಾದ್ದು ಏನದರಿ? ಫೋನ್‌ದಾಗ ಒಂದು ಪೆಟ್ಟಿಗಿ ತೋರಸ್ತೇವಿ, ಮಂದಿ ಹೌದೋ ಬ್ಯಾಡೋ ಒತ್ತತಾರ. ಮುಗೀತಲ್ರಿ?" ಅವತ್ತು ಚಹಾ ಕುಡಿಸಿ ಕಳಿಸಿದೆ. ಅವರು ಹೋದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಅಂಗಳಕ್ಕೆ ಹೋದೆ, ಒಳಗೆ ಬಂದೆ, ಟ್ರಂಕು ತೆಗೆದು ಹಳೆಯ ವಹಿ ನೋಡಿದೆ, ಮತ್ತೆ ಮುಚ್ಚಿದೆ. ಹಾಗೇ ಮೂರು ದಿನ ಕಳೆದವು. ನಾಲ್ಕನೆಯ ದಿನ ಬರೆಯಲು ಕೂತೆ.

ನಮ್ಮದು ಸಣ್ಣ ಸಂಸ್ಥೆ, ಹೆಸರು ಬೇಡ. ದೀಪಾವಳಿ ಮುಗಿಯುತ್ತಲೇ ಭಾಲ್ಕಿ, ಔರಾದ ಕಡೆಯ ಹಳ್ಳಿಗಳ ಜನ ಕೆಲಸ ಹುಡುಕಿಕೊಂಡು ಹೊರಡುತ್ತಿದ್ದರು. ಮಹಾರಾಷ್ಟ್ರದ ಕಬ್ಬಿನ ಹೊಲಗಳಿಗೆ ಕೆಲವರು, ಹೈದರಾಬಾದಿನ ಕಟ್ಟಡಗಳಿಗೆ ಕೆಲವರು, ದೂರ ಹೋಗಲಾರದವರು ಕೊಳಾರಕ್ಕೆ. ಯಾರು ಎಲ್ಲಿದ್ದಾರೆಂದು ಬರೆದಿಡುವುದು ನಮ್ಮ ಕೆಲಸ. ಅದರಿಂದ ಹೋದಲ್ಲಿಯ ಶಾಲೆಗೆ ಮಕ್ಕಳನ್ನು ಸೇರಿಸಲು ಆಗುತ್ತಿತ್ತು. ಊರಲ್ಲಿ ಯಾರಾದರೂ ತೀರಿಕೊಂಡರೆ ಸುದ್ದಿ ಮುಟ್ಟಿಸಲು ಆಗುತ್ತಿತ್ತು. ಒಳ್ಳೆಯ ಕೆಲಸವೇ. ಅದರ ಬಗ್ಗೆ ನನಗೆ ಈಗಲೂ ಅನುಮಾನವಿಲ್ಲ.

ಮೊದಲು ಎಲ್ಲ ಕಾಗದದ ಮೇಲೆ. ನನಗೆ ಕೆಲಸ ಕಲಿಸಿದವರು ಧೂಳಪ್ಪನವರು. ಈಗಿಲ್ಲ. ಮೊದಲ ದಿನವೇ ಹೇಳಿದರು, "ವೈಜಿನಾಥ, ಎಲ್ಲಿರ್ತಾರ ಅನ್ನೋ ಪತ್ತಾ ಬರ್ಕೋಬೇಕೋ ಬ್ಯಾಡೋ ಅಂತ ಮೊದಲ ಕೇಳು. ಕೇಳಿದ ಮ್ಯಾಲ ಬಾಯಿ ಮುಚ್ಕೊಂಡು ಕೂಡು. ಅವರು ವಿಚಾರ ಮಾಡ್ಲಿ. ನಿನ್ನ ಬಸ್ ಹೋದ್ರ ಹೋಗ್ಲಿ." ಬಸ್ಸು ಎಷ್ಟೋ ಸಲ ಹೋಯಿತು.

ಖಟಕ ಚಿಂಚೋಳಿಯಲ್ಲಿ ಒಬ್ಬ ಮುದುಕನ ಮುಂದೆ ಹೀಗೆ ಬಾಯಿ ಮುಚ್ಚಿಕೊಂಡು ಮುಕ್ಕಾಲು ತಾಸು ಕೂತಿದ್ದೆ. ಮಗ ಎಲ್ಲಿದ್ದಾನೆಂದು ಬರೆದುಕೊಳ್ಳಲೇ ಎಂದು ಕೇಳಿದ್ದೆ, ಅಷ್ಟೇ. ಅವನು ಎಲಿ ಅಡಿಕಿ ಚೀಲ ತೆಗೆದ, ಸುಣ್ಣ ಹಚ್ಚಿದ, ಜಗಿದ, ಉಗುಳಿ ಬಂದ. ಕೊನೆಗೆ "ಬ್ಯಾಡ್ರಿ" ಎಂದ. ನಾನು ಎದ್ದೆ. ಅವನು ನನ್ನ ಕೈ ಹಿಡಿದು ಕೂರಿಸಿದ.

"ಬರ್ಕೊಂಡ್ರೇನು?"

"ಬ್ಯಾಡ ಅಂದ್ರ ಬರಿಯೋದೇನದ ಕಾಕಾ?"

"ಹೌದು ಅಂದವರದು ಬರ್ಕೋತೀರಿ. ನಾ ಬ್ಯಾಡ ಅಂದೀನಿ. ನಾಳಿ ಮತ್ತೊಬ್ಬ ಬಂದು ಇದೇ ಕೇಳ್ತಾನ. ನಾ ಎಷ್ಟು ಮಂದಿಗಿ ಬ್ಯಾಡ ಅನಕೋತ ಕೂಡ್ಲಿ? ಬರ್ಕೋರಿ. ಗುಂಡಪ್ಪ ಬ್ಯಾಡ ಅಂದಾನ ಅಂತ ಬರ್ಕೋರಿ."

ನನ್ನ ಹತ್ತಿರ ಅದಕ್ಕೆ ಫಾರಂ ಇರಲಿಲ್ಲ. ಮರುದಿನ ಭಾಲ್ಕಿಯ ಪೇಟೆಯಲ್ಲಿ ಕೆಂಪು ರಟ್ಟಿನ ಒಂದು ವಹಿ ಕೊಂಡೆ. ಮೊದಲ ಪುಟದಲ್ಲಿ ಗುಂಡಪ್ಪನ ಹೆಸರು, ಊರು, ದಿನ, ಯಾವುದಕ್ಕೆ ಬ್ಯಾಡ ಅಂದರು ಎಂಬುದನ್ನು ಬರೆದೆ. ಮುಂದಿನ ವಾರ ಹೋಗಿ ಅವನ ಹೆಬ್ಬೆಟ್ಟು ಒತ್ತಿಸಿಕೊಂಡೆ. ಅಂದಿನಿಂದ ಯಾರು ಬ್ಯಾಡ ಅಂದರೂ ಅದರಲ್ಲಿ ಬರೆಯುವುದು ರೂಢಿಯಾಯಿತು. ಕಚೇರಿಯಲ್ಲಿ ನಗುತ್ತಿದ್ದರು. "ವೈಜಿನಾಥಣ್ಣನ ವಹಿದಾಗ ಏನದ? ಇಲ್ಲದ್ದೇ ಅದ" ಎನ್ನುತ್ತಿದ್ದರು. ಧೂಳಪ್ಪನವರು ಮಾತ್ರ ನಗಲಿಲ್ಲ. ವಹಿ ತೆಗೆದು ಎರಡು ಪುಟ ಓದಿ, ಹಾಗೇ ನನ್ನ ಕೈಗೆ ಕೊಟ್ಟರು.

ನಾನು ಎಲ್ಲರನ್ನೂ ಸರಿಯಾಗಿ ಕೇಳಿದವನು ಎಂದು ತಿಳಿಯಬೇಡಿ. ಭಾತಂಬ್ರಾದಲ್ಲಿ ಒಮ್ಮೆ ಹದಿನೆಂಟು ಜನರ ಗುಂಪು ಲಾರಿ ಹತ್ತಲು ನಿಂತಿತ್ತು. ಗುಂಪಿನ ಮುಂದಾಳು, "ಸಾಹೇಬ್ರ, ಎಲ್ಲಾರದೂ ಹೌದು ಹಾಕ್ರಿ, ಲಾರಿ ಹೊಂಟದ" ಎಂದ. ಹಾಕಿದೆ. ಲಾರಿಯ ಮೇಲೆ ಆಗಲೇ ಕೂತಿದ್ದ ಒಬ್ಬ ಹೆಣ್ಣುಮಗಳು ಕೆಳಗೆ ಬಗ್ಗಿ, "ಏನ್ರೀ, ಅವನ ಬಾಯಿ ಅವಂದು. ನನ್ನ ಬಾಯಿ ಎಲ್ಲಿ ಹೋಗಿತ್ತು?" ಎಂದಳು. ಲಾರಿ ಹೋಯಿತು. ಅವಳ ಹೆಸರು ಹದಿನೆಂಟರಲ್ಲಿ ಯಾವುದೆಂದು ನನಗೆ ಗೊತ್ತಾಗಲಿಲ್ಲ. ಆ ತಪ್ಪನ್ನು ಮುಂದೆ ಇನ್ನೂ ದೊಡ್ಡದಾಗಿ ಮಾಡುತ್ತೇನೆಂದು ಆಗ ಗೊತ್ತಿರಲಿಲ್ಲ.

ಎಲ್ಲರ ಕೈಗೂ ಫೋನು ಬಂದ ಮೇಲೆ ಕಾಗದ ಹೋಗಿ ವೆಬ್‌ಸೈಟು ಬಂತು. ಅದನ್ನು ಮಾಡಿದವರು ರೇಷ್ಮಾ ಮೇಡಂ. ಹೈದರಾಬಾದಿನಲ್ಲಿ ಓದಿದವರು, ನನ್ನ ಮಗಳ ವಯಸ್ಸು. ಯಾರಾದರೂ ನಮ್ಮ ಸೈಟು ತೆರೆದರೆ ನಾಲ್ಕು ಪ್ರಶ್ನೆ ಬರುವಂತೆ ಮಾಡಿದರು. ನಿಮ್ಮ ಹೆಸರು ಮತ್ತು ನಂಬರು ಇಟ್ಟುಕೊಳ್ಳಬಹುದೇ. ನೀವಿರುವ ಜಾಗವನ್ನು ಫೋನಿನಿಂದ ತಿಳಿಯಬಹುದೇ. ನಿಮ್ಮ ಊರಿನವರು ಹುಡುಕಿದರೆ ಆ ಜಾಗ ತೋರಿಸಬಹುದೇ. ಕೆಲಸ ಕೊಡುವವರಿಗೆ ನಂಬರು ಕೊಡಬಹುದೇ. ಪ್ರತಿ ಪ್ರಶ್ನೆಗೆ ಹೌದು, ಬೇಡ ಎಂಬ ಎರಡು ಗುಂಡಿ. ಯಾರು ಯಾವುದು ಒತ್ತಿದರು ಎಂಬುದು ವೇಳೆಯ ಜೊತೆ ದಾಖಲಾಗುತ್ತಿತ್ತು. ಆ ದಾಖಲೆ ನೋಡುವುದು, ಮನಸ್ಸು ಬದಲಿಸಿದವರದನ್ನು ಬದಲಿಸುವುದು, ಪ್ರಶ್ನೆ ಯಾವಾಗ ಎಷ್ಟು ಸಲ ಬರಬೇಕೆಂದು ಹೊಂದಿಸುವುದು ನನ್ನ ಪಾಲಿಗೆ ಬಂತು.

ಮೊದಲ ಜಗಳ ಗುಂಡಿಗಳದ್ದು. ಸೈಟು ಶುರುವಾದ ದಿನ ನಾನು ಫೋನಿನ ಪರದೆಗೆ ಸ್ಕೇಲು ಹಿಡಿದು ಅಳೆದೆ. ಹೌದು ಎಂಬ ಹಸಿರು ಗುಂಡಿ ಐದು ಸೆಂಟಿಮೀಟರ್ ಉದ್ದ. ಬೇಡ ಎಂಬುದು ಬೂದು ಬಣ್ಣದ್ದು, ಒಂದೂವರೆ.

"ಮೇಡಂ, ಇದು ಯಾಕ ಸಣ್ಣದು?"

"ಎಲ್ಲಾ ಕಡೆ ಹಿಂಗೇ ಇರ್ತದ ಅಣ್ಣಾ."

"ಎಲ್ಲಾ ಕಡೆ ಇದ್ದದ್ದು ಬಿಡ್ರಿ. ನಮ್ಮ ಮಂದಿ ಕೈಬಟ್ಟ ನೋಡೀರಿ? ಕಲ್ಲು ಹೊತ್ತ ಬಟ್ಟ ಅವ. ಒಂದೂವರಿ ಸೆಂಟಿಮೀಟರ್‌ದಾಗ ಕೂಡೋದಿಲ್ಲ."

ಅವರು ನನ್ನನ್ನು ನೋಡಿದರು, ಸ್ಕೇಲು ನೋಡಿದರು. ಮರುದಿನ ಎರಡೂ ಗುಂಡಿ ಒಂದೇ ಅಳತೆಗೆ ಬಂದವು. ನನ್ನ ಕೆಲಸದಲ್ಲಿ ನಾನು ಗೆದ್ದ ಜಗಳಗಳು ಕಡಿಮೆ. ಇದು ಒಂದು.

ಗುಂಡಿ ದೊಡ್ಡದಾದರೂ ಭಯ ಸಣ್ಣದಾಗಲಿಲ್ಲ. ಔರಾದದ ಹತ್ತಿರದ ಒಂದು ತಾಂಡಾದಲ್ಲಿ ನೀರಿನ ಟ್ಯಾಂಕರಿನ ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳು ಬೆರಳು ಎತ್ತಿಕೊಂಡೇ ಕೇಳಿದಳು, "ನಾ ಬ್ಯಾಡ ಒತ್ತಿದ್ರ ಟ್ಯಾಂಕರ್ ಬರ್ತದೋ ನಿಂದರ್ತದೋ?" ಎರಡಕ್ಕೂ ಸಂಬಂಧವಿಲ್ಲ ಎಂದೆ. ಅವಳು ನಂಬಲಿಲ್ಲ. ಹೌದು ಒತ್ತಿದಳು. ದಾಖಲೆಯ ಪ್ರಕಾರ ಅದು ಒಪ್ಪಿಗೆ. ನನ್ನ ವಹಿಯಲ್ಲಿ ಅಂಥವರಿಗೆ ಜಾಗವಿರಲಿಲ್ಲ. ಇರಬೇಕಿತ್ತು ಎಂದು ಈಗ ಅನಿಸುತ್ತದೆ.

ಬರದ ಮೊದಲ ವರ್ಷ ಹೋಗುವವರು ಹೆಚ್ಚಾದರು. ಎರಡನೆಯ ವರ್ಷ ಊರೂರೇ ಹೊರಟಿತು. ಜನ ಬಸ್‌ಸ್ಟ್ಯಾಂಡಿನಲ್ಲಿ, ಟ್ಯಾಂಕರಿನ ಸಾಲಿನಲ್ಲಿ ನಿಂತೇ ಸೈಟು ತೆರೆಯುತ್ತಿದ್ದರು. ಎಲ್ಲರೂ ಒಟ್ಟಿಗೆ ಬಂದದ್ದರಿಂದ ಪುಟ ತೆರೆಯಲು ತಡ. ನಾಲ್ಕು ಪ್ರಶ್ನೆ ಪ್ರತಿ ಸಲ ಬರುತ್ತಿದ್ದವು, ನಡುವೆ ನೆಟ್‌ವರ್ಕ್ ಹೋಗುತ್ತಿತ್ತು, ಮತ್ತೆ ಮೊದಲಿನಿಂದ. ದಿನಕ್ಕೆ ಎಷ್ಟೋ ಫೋನು: "ಸರ, ನಿಮ್ಮ ಪ್ರಶ್ನಿ ಮುಗಿಯೋದ್ರಾಗ ನಮ್ಮ ಬಸ್ ಹೋಗ್ತದ." ಸಂಸ್ಥೆಯ ನಿರ್ದೇಶಕರು ನನ್ನನ್ನು ಕರೆದು, "ಒಂದು ಸಲ ಕೇಳಿದ್ರ ಸಾಕು. ಮತ್ತ ಮತ್ತ ಯಾಕ ಕೇಳ್ತೀರಿ? ಫೋನ್ ನೆನಪು ಇಟ್ಕೋತದಲ್ಲ" ಎಂದರು.

ರೇಷ್ಮಾ ಮೇಡಂ ಆಗ ಹೆರಿಗೆಗೆ ಊರಿಗೆ ಹೋಗಿದ್ದರು. ಸೆಟ್ಟಿಂಗು ಬದಲಿಸಲು ಒಂದೇ ಸಾಲು. 'ಪ್ರತಿ ಸಲ ಕೇಳು' ಎಂಬಲ್ಲಿ 'ಒಂದು ಫೋನಿಗೆ ಒಂದು ಸಲ ಕೇಳು'. ಡಿಸೆಂಬರಿನ ಒಂದು ಸೋಮವಾರ ನನ್ನ ಕೈಯಿಂದಲೇ ಬದಲಿಸಿದೆ. ಸಂಜೆಯ ಹೊತ್ತಿಗೆ ಪುಟ ಓಡತೊಡಗಿತು. ಬೈಯುವ ಫೋನುಗಳು ನಿಂತವು. ನಿರ್ದೇಶಕರು ಎಲ್ಲರೆದುರು ಹೊಗಳಿದರು. ಅವತ್ತು ನೆಮ್ಮದಿಯಿಂದ ಊಟ ಮಾಡಿದ್ದು ನೆನಪಿದೆ.

ಫೋನು ಒಬ್ಬರದ್ದು ಎಂದು ಆ ಸಾಲು ತಿಳಿದಿತ್ತು. ನಮ್ಮ ಕಡೆ ಫೋನು ಒಬ್ಬರದ್ದಲ್ಲ. ಒಂದು ಮನೆಗೆ ಒಂದು, ಒಂದು ಗುಂಪಿಗೆ ಒಂದು, ಕೆಲವು ಸಲ ಒಂದು ಓಣಿಗೆ ಒಂದು. ಇದು ನನಗೆ ಹುಟ್ಟಿನಿಂದ ಗೊತ್ತಿದ್ದ ಸಂಗತಿ. ನಮ್ಮ ಮನೆಯಲ್ಲೂ ಹಾಗೆಯೇ ಇತ್ತು. ಆದರೂ ಆ ಸೋಮವಾರ ನನ್ನ ತಲೆಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಫೆಬ್ರವರಿಯಲ್ಲಿ ಕಸ್ತೂರಬಾಯಿ ನಮ್ಮ ಕಚೇರಿಗೆ ಬಂದಳು. ಜೊತೆಗೆ ಏಳು ವರ್ಷದ ಮಗಳು. ಗಂಡನ ಊರು ಔರಾದ ತಾಲ್ಲೂಕಿನಲ್ಲಿ. ಅಲ್ಲಿಂದ ಹೊರಬಂದು ಎರಡು ತಿಂಗಳಾಗಿತ್ತು. ಕೊಳಾರದ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ. ಅವಳ ಎಡ ಮುಂಗೈ ನೆಟ್ಟಗೆ ಇರಲಿಲ್ಲ. ಮುರಿದ ಎಲುಬು ಸರಿಯಾಗಿ ಕೂಡಿರಲಿಲ್ಲ. ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

"ನನ್ನ ಹೆಸರು ಇರ್ಲಿ ಸರ. ಇಕಿ ಸಾಲಿಗಿ ಬೇಕಲ್ಲ. ಖರೆ ನಾ ಎಲ್ಲಿದೀನಿ ಅಂತ ಆ ಊರವರಿಗಿ ಕಾಣಬಾರದು."

"ಕಾಣೋದಿಲ್ಲಮ್ಮ. ಮೂರನೇ ಪ್ರಶ್ನಿಗಿ ಬೇಡ ಅಂತ ಹಾಕ್ತೇನಿ."

"ನೀವು ಹಾಕಿದ್ದು ಹಾಂಗೇ ಇರ್ತದೇನ್ರಿ?"

"ಇರ್ತದ."

ಪರದೆಯನ್ನು ಅವಳ ಕಡೆ ತಿರುಗಿಸಿ ತೋರಿಸಿದೆ. ವಹಿಯಲ್ಲಿಯೂ ಬರೆದೆ. ನಾಲ್ಕನೆಯ ಇಯತ್ತೆಯವರೆಗೆ ಓದಿದವಳು, ಹೆಬ್ಬೆಟ್ಟು ಬೇಡವೆಂದು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಹುಡುಗಿ ವಹಿಯಲ್ಲಿ ಬೆರಳಿಟ್ಟು, "ಇವರೆಲ್ಲಾ ಯಾರ್ರಿ?" ಎಂದು ಕೇಳಿತು. "ಬ್ಯಾಡ ಅಂದವರು" ಎಂದೆ. ಅದು ಸಾಲು ಎಣಿಸತೊಡಗಿತು.

ಈಗ ಮತ್ತೆ ಆ ಗೇಟು.

ಗೋದಾಮಿನಲ್ಲಿ ತಾಯಂದಿರು ಕೆಲಸ ಮಾಡುವಾಗ ಮಕ್ಕಳು ಬೇವಿನ ನೆರಳಿನಲ್ಲಿ ಇರುತ್ತಿದ್ದವು. ಅವತ್ತು ಶಾಲೆಗೆ ಸೂಟಿ. ಕಸ್ತೂರಬಾಯಿಯ ಮಗಳು ನನ್ನ ಟೇಬಲ್ಲಿನ ಕೆಳಗೆ ಕೂತು, ಪೆಟ್ಟಿಗೆಗೆ ಅಂಟಿಸುವ ಕಂದು ಟೇಪಿನ ತುಂಡುಗಳನ್ನು ಬಳೆಯ ಹಾಗೆ ಮುಂಗೈಗೆ ಸುತ್ತಿಕೊಳ್ಳುತ್ತಿತ್ತು. ಫೋನು ಹಿಡಿದವನು ಮಾರುತಿಯನ್ನು ದಾಟಿ ಒಳಗೆ ಬಂದ. ಹುಡುಗಿ ಅವನನ್ನು ನೋಡಿತು. ಕೂಗಲಿಲ್ಲ. ಟೇಬಲ್ಲಿನ ಕೆಳಗೆ ಇನ್ನೂ ಹಿಂದಕ್ಕೆ ಸರಿಯಿತು. ಅವನು ಬಗ್ಗಿ ಅದನ್ನು ಎತ್ತಿಕೊಂಡ. ಎತ್ತುವಾಗ ಅದರ ಕಾಲು ಟೇಬಲ್ಲಿಗೆ ತಾಗಿ ನನ್ನ ಲ್ಯಾಪ್‌ಟಾಪು ಅಲುಗಿತು. ನಾನು ಲ್ಯಾಪ್‌ಟಾಪನ್ನು ಹಿಡಿದುಕೊಂಡೆ. ಹುಡುಗಿಯನ್ನಲ್ಲ. ಲ್ಯಾಪ್‌ಟಾಪನ್ನು.

ಯಾರೋ ಒಳಗೆ ಹೇಳಿರಬೇಕು, ಕಸ್ತೂರಬಾಯಿ ಓಡಿಬಂದಳು. ಅವನು ಅವಳ ಗಂಡ. ಫೋನು ಎತ್ತಿ ತೋರಿಸಿದ. "ಯಾಕ ಒದರ್ತೀದಿ? ನೀನೇ ಪತ್ತಾ ಹಾಕೀದಿ. ಊರಿಗೆಲ್ಲಾ ಕಾಣಸ್ತದ. ಕರದೀದಿ, ಬಂದೀನಿ." ಅವಳು ಫೋನು ನೋಡಲಿಲ್ಲ, ನನ್ನನ್ನು ನೋಡಿದಳು. ಅವನೂ ನನ್ನ ಕಡೆ ತಿರುಗಿದ. "ಸಾಹೇಬ್ರ, ಇದು ನಿಮ್ಮದೇ ಅದಲ್ಲ?"

"ಹೌದು" ಎಂದೆ. ಆ ನಾಲ್ಕು ನಿಮಿಷದಲ್ಲಿ ನಾನು ಆಡಿದ ಮಾತು ಅದೊಂದೇ.

ಜೊತೆಗೆ ಬಂದವನು ಅವಳನ್ನು ತಡೆದು ನಿಂತ. ಹುಡುಗಿಯನ್ನು ಕೂರಿಸಿಕೊಂಡು ಜೀಪು ಹೊರಟಿತು. ಮಾರುತಿ ಲಾಠಿ ಬಿಸಾಡಿ ರಸ್ತೆಯ ತಿರುವಿನವರೆಗೆ ಓಡಿದ. ಅವನಿಗೆ ಆಗ ಐವತ್ತೈದು, ಒಂದು ಮೊಣಕಾಲು ಬರೋಬ್ಬರಿ ಇರಲಿಲ್ಲ. ಆದರೂ ಓಡಿದ. ನಾನು ಆರು ಹೆಜ್ಜೆ ನಡೆದು ಗೇಟಿಗೆ ಅಡ್ಡ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಆ ಆರು ಹೆಜ್ಜೆಯನ್ನು ಆಮೇಲೆ ಹೋಗಿ ನಡೆದು ಎಣಿಸಿದ್ದೇನೆ. ಅದಕ್ಕೇ ಲೆಕ್ಕ ಗೊತ್ತು.

ಮಧ್ಯಾಹ್ನ ಕಚೇರಿಗೆ ಬಂದು ದಾಖಲೆ ತೆಗೆದೆ. ಕಸ್ತೂರಬಾಯಿಯ ಮೂರನೆಯ ಪ್ರಶ್ನೆಯ ಮುಂದೆ 'ಹೌದು' ಎಂದಿತ್ತು. ವೇಳೆ, ಸೋಮವಾರ ಬೆಳಿಗ್ಗೆ ಏಳು ನಲವತ್ತೆರಡು. ನಾನು ಹಾಕಿದ 'ಬೇಡ'ದ ಮೇಲೆ ಅದು ಬಂದು ಕೂತಿತ್ತು. ನನ್ನ ಮನಸ್ಸಿನಲ್ಲಿ ಬಂದ ಮೊದಲ ವಿಚಾರ ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಅವಳೇ ಒತ್ತಿರಬೇಕು ಎಂದುಕೊಂಡೆ. ತಿಳಿಯದೆ ಒತ್ತಿರಬೇಕು, ಅಥವಾ ಮನಸ್ಸು ಬದಲಾಗಿರಬೇಕು. ಹಾಗೆ ಅಂದುಕೊಂಡಾಗ ಎದೆ ಸ್ವಲ್ಪ ಹಗುರಾಯಿತು.

ಮಗು ಯಾರ ಹತ್ತಿರ ಇರಬೇಕೆಂಬ ವಿಚಾರಣೆ ಬೀದರಿನಲ್ಲಿ ಶುರುವಾಯಿತು. ಕೇಳಲು ಮೂವರು ಕೂತಿದ್ದರು. ಗಂಡನ ಕಡೆಯವರ ವಾದ ಒಂದೇ: ಅವಳಿಗೆ ನಮ್ಮ ಭಯವಿಲ್ಲ, ಭಯವಿದ್ದರೆ ಪತ್ತಾ ತಾನೇ ಯಾಕೆ ತೋರಿಸುತ್ತಿದ್ದಳು? ವಿಚಾರಣೆಯವರು ನಮ್ಮ ಸಂಸ್ಥೆಯನ್ನು ಲಿಖಿತವಾಗಿ ಕೇಳಿದರು. ನಿರ್ದೇಶಕರು ನನ್ನಿಂದ ಒಂದು ಹಾಳೆ ಬರೆಸಿದರು. 'ದಾಖಲೆಯ ಪ್ರಕಾರ ಸದರಿಯವರು ಸೋಮವಾರ ಬೆಳಿಗ್ಗೆ 7.42ಕ್ಕೆ ಮೂರನೆಯ ಪ್ರಶ್ನೆಗೆ ಒಪ್ಪಿಗೆ ನೀಡಿರುತ್ತಾರೆ.' ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಸಹಿ ಮಾಡಿದೆ.

ಹಾಳೆಯನ್ನು ಅಲ್ಲಿ ಓದಿದ ಮರುದಿನ ಕಸ್ತೂರಬಾಯಿ ಬಂದಳು. ಜೊತೆಗೆ ಸುಗಂಧಾ. ಭಾತಂಬ್ರಾದವಳು, ಕೊಳಾರದಲ್ಲಿ ಇವಳ ಜೊತೆ ಒಂದೇ ಖೋಲಿಯಲ್ಲಿ ಇದ್ದವಳು. ಕಸ್ತೂರಬಾಯಿ ಕುರ್ಚಿಯಲ್ಲಿ ಕೂರಲಿಲ್ಲ.

"ಸರ, ನಾ ಬ್ಯಾಡ ಅಂದಿದ್ದು ನೀವು ಕೇಳೀರಿ."

"ಕೇಳೀನಮ್ಮ. ಖರೆ ಆಮ್ಯಾಲ ಹೌದು ಅಂತ ಬಂದದ. ಸೋಮವಾರ ಮುಂಜಾನಿ ನೀ ಸೈಟ್ ತೆಗದಿದ್ದಿಲ್ಲ?"

"ತೆಗದಿದ್ದೆ. ತಿಂಗಳಿಗೊಮ್ಮಿ ಕೆಲಸದ ಜಾಗ ಹಾಕಬೇಕು ಅಂದಿದ್ರಿ. ಹಾಕಿದೆ. ಅದು ನನಗ ಏನೂ ಕೇಳ್ಲಿಲ್ಲ."

"ಕೇಳೇ ಕೇಳ್ತದ. ಯಾವ ಫೋನ್‌ದಾಗ ಹಾಕಿದ್ದಿ?"

ಸುಗಂಧಾ ಮುಂದೆ ಬಂದಳು. "ನನ್ನ ಫೋನ್‌ದಾಗ. ನಾ ಜನವರಿದಾಗೇ ಹೌದು ಹೌದು ಅಂತ ಒತ್ತೀನ್ರಿ. ನಮ್ಮವ್ವ ಊರಾಗ ಕುಂತು ನಾ ಎಲ್ಲಿದೀನಿ ಅಂತ ನೋಡ್ಲಿ ಅಂತ. ನನ್ನ ಹೌದು ಇಕಿಗಿ ಹ್ಯಾಂಗ ಹತ್ತಿತು?"

ಡಿಸೆಂಬರಿನ ಆ ಸೋಮವಾರ, ಆ ಒಂದು ಸಾಲು ಕಣ್ಣ ಮುಂದೆ ಬಂತು. ಸುಗಂಧಾ ನನ್ನ ಮುಖ ನೋಡಿದಳು. "ನಿಮ್ಮ ಕಂಪ್ಯೂಟರಿಗಿ ಕಿವಿ ಇಲ್ರಿ. ನಿಮಗರೆ ಅದಾವ" ಎಂದಳು.

ಅವರು ಹೋದ ಮೇಲೆ ನಿರ್ದೇಶಕರ ಹತ್ತಿರ ಹೋಗಿ ಎಲ್ಲ ಹೇಳಿದೆ. ಸೆಟ್ಟಿಂಗನ್ನು ಈಗಲೇ ಮೊದಲಿನಂತೆ ಮಾಡುತ್ತೇನೆ ಎಂದೆ. ಅವರು ಬಾಗಿಲು ಮುಚ್ಚಿಸಿದರು. "ಈಗ ಬದಲಿ ಮಾಡಿದ್ರ ತಪ್ಪು ಒಪ್ಕೊಂಡ್ಹಾಂಗ ಆಗ್ತದ. ವಿಚಾರಣಿ ಮುಗೀಲಿ. ನಿಮಗೂ ರಿಟೈರ್ ಆಗ್ಲಿಕ್ಕಿ ಎಂಟೇ ತಿಂಗಳು ಉಳದಾವ. ಸುಮ್ನ ಇರ್ರಿ." ಸೆಟ್ಟಿಂಗು ಬದಲಿಸುವ ಪಾಸ್‌ವರ್ಡನ್ನು ಅವತ್ತೇ ಬದಲಿಸಿದರು. ನನಗೆ ಉಳಿದದ್ದು ಒಬ್ಬೊಬ್ಬರ ಹೆಸರು ತೆರೆದು ಕೈಯಿಂದ ತಿದ್ದುವ ಅಧಿಕಾರ ಮಾತ್ರ.

ನನ್ನ ವಹಿಯಲ್ಲಿ ಆ ಹೊತ್ತಿಗೆ ಚಾಲ್ತಿಯಲ್ಲಿದ್ದ ಹೆಸರು ಮೂವತ್ತೇಳು. ಅಂದಿನಿಂದ ದಿನಾ ಬೆಳಿಗ್ಗೆ ಎಂಟಕ್ಕೇ ಕಚೇರಿಗೆ ಹೋಗಿ, ವಹಿ ಬಿಚ್ಚಿಟ್ಟು, ಮೂವತ್ತೇಳನ್ನೂ ಒಂದೊಂದಾಗಿ ತೆರೆದು ನೋಡುತ್ತಿದ್ದೆ. ಮೊದಲ ದಿನವೇ ನಾಲ್ವರದು 'ಹೌದು' ಆಗಿತ್ತು. ತಿದ್ದಿದೆ. ಮರುದಿನ ಅದರಲ್ಲಿ ಒಬ್ಬರದು ಮತ್ತೆ 'ಹೌದು'. ಮತ್ತೆ ತಿದ್ದಿದೆ. ಮಧ್ಯಾಹ್ನ ಊಟಕ್ಕೆ ಎದ್ದರೆ, ಈಗ ಯಾರ ಫೋನಿನಿಂದ ಯಾರ ಹೆಸರು ಹೋಯಿತೋ ಎಂದು ಅರ್ಧಕ್ಕೆ ಕೈ ತೊಳೆದು ಬರುತ್ತಿದ್ದೆ. ವಹಿಯಲ್ಲಿ ಇಲ್ಲದವರು, ಸೈಟಿನಲ್ಲಿಯೇ ಬೇಡ ಒತ್ತಿದವರು, ಎಷ್ಟು ಜನರೋ. ಅವರನ್ನು ಹುಡುಕಲು ನನಗೆ ದಾರಿ ಇರಲಿಲ್ಲ. ಅವರ ಬಗ್ಗೆ ನನಗೆ ಇಂದಿಗೂ ಗೊತ್ತಿಲ್ಲ.

ಎರಡನೆಯ ವಿಚಾರಣೆಗೆ ನನ್ನನ್ನು ಕರೆದಿರಲಿಲ್ಲ. ನಾನೇ ಹೋದೆ. ಕೆಂಪು ವಹಿಯನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಸುಗಂಧಾಳಿಗೆ ಫೋನು ತರಲು ಹೇಳಿದ್ದೆ.

ಮೂವರ ನಡುವೆ ಕೂತಿದ್ದವರು ನರೆತ ಕೂದಲಿನ ಒಬ್ಬ ಹೆಣ್ಣುಮಗಳು. ನಾನು ವಹಿ ಮುಂದಿಟ್ಟೆ. ಕಸ್ತೂರಬಾಯಿಯ ಸಹಿ ಇದ್ದ ಪುಟ ಅವರು ಓದಿದರು. "ಇದು ಫೆಬ್ರವರಿದು. ನೀವೇ ಸಹಿ ಮಾಡಿದ ಹಾಳ್ಯಾಗ ಮಾರ್ಚಿಗಿ ಹೌದು ಅದ. ಯಾವುದು ಖರೇ?"

"ಎರಡೂ ಬರದದ್ದು ಖರೇ ಅದರಿ. ಹೌದು ಅಂದವರು ಬ್ಯಾರೆ. ಒಂದು ಐದು ನಿಮಿಷ ಕೊಟ್ರ ತೋರಸ್ತೇನ್ರಿ."

ಸುಗಂಧಾಳ ಫೋನು ತೆಗೆದುಕೊಂಡು ಅವರ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟು ನಮ್ಮ ಸೈಟು ತೆರೆದೆ. ಹೊಸ ಹೆಸರು ಎಂಬಲ್ಲಿ ನನ್ನ ಹೆಸರು ಹಾಕಿದೆ. ವೈಜಿನಾಥ, ಊರು ಭಾಲ್ಕಿ, ಸದ್ಯ ಇರುವುದು ಬೀದರ. ಎರಡು ಸಲ ಅಕ್ಷರ ತಪ್ಪಿತು. ಯಾರೂ ಅವಸರ ಮಾಡಲಿಲ್ಲ. ಕೊನೆಯ ಗುಂಡಿ ಒತ್ತಿದೆ. 'ಸೇರಿಸಲಾಗಿದೆ' ಎಂದು ಬಂತು. ಆಮೇಲೆ ನನ್ನ ಹೆಸರಿನ ವಿವರ ತೆರೆದೆ. ನಾಲ್ಕು ಪ್ರಶ್ನೆ, ನಾಲ್ಕರ ಮುಂದೆಯೂ 'ಹೌದು', ಪಕ್ಕದಲ್ಲಿ ಅದೇ ನಿಮಿಷದ ವೇಳೆ.

ಆ ಹೆಣ್ಣುಮಗಳು ಮುಂದಕ್ಕೆ ಬಗ್ಗಿ ನೋಡಿದರು. "ನಿಮಗ ಅದು ಏನೂ ಕೇಳ್ಲೇ ಇಲ್ಲಲ್ಲ?"

"ಇಲ್ರಿ. ಈ ಫೋನ್‌ದಾಗ ಮೊದಲ ಒತ್ತಿದವರು ಈ ಸುಗಂಧಾಬಾಯಿ. ಆಮ್ಯಾಲ ಯಾರೇ ಹೆಸರು ಹಾಕ್ಲಿ, ಈಕಿ ಹೌದು ಅಂದದ್ದೇ ಎಲ್ಲಾರದೂ ಆಗ್ತದ."

"ಮೊದಲಿಂದನೂ ಹಿಂಗೇ ಅದೇನು?"

"ಇಲ್ರಿ. ಡಿಸೆಂಬರ್‌ದಾಗ ಬದಲಿ ಆಯ್ತು."

"ಯಾರು ಮಾಡಿದ್ರು?"

ನಿರ್ದೇಶಕರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಬದಲಿಸಲು ಹೇಳಿದವರು ಅವರು ಎನ್ನುವುದು ಖರೆ. ಆದರೆ ಕೇಳಿದ್ದು ಮಾಡಿದವರನ್ನು.

"ನಾ ಮಾಡೀನ್ರಿ" ಎಂದೆ.

ಬರೆದುಕೊಳ್ಳುತ್ತಿದ್ದವನ ಪೆನ್ನಿನ ಸದ್ದು ಕೇಳುತ್ತಿತ್ತು. ಗಂಡ ಎದ್ದು, "ಇವರು ಅಕಿ ಕಡೆಯವರು" ಎಂದ. ಆ ಹೆಣ್ಣುಮಗಳು ಅವನಿಗೆ ಕೂರಲು ಕೈ ಮಾಡಿದರು. "ಅವರು ತಮ್ಮ ತಪ್ಪು ಹೇಳ್ಕೋತಿದ್ದಾರ. ನೀವು ಕೂಡ್ರಿ."

ಆಮೇಲೆ ಅವರು ಕಸ್ತೂರಬಾಯಿಯ ಕೈಯನ್ನು ನೋಡಿದರು, ಅದರ ಬಗ್ಗೆ ಕೇಳಿದರು. ದವಾಖಾನೆಯ ಚೀಟಿ ಅವಳ ಹತ್ತಿರ ಇತ್ತು. ಅದು ಹಿಂದಿನ ವಿಚಾರಣೆಯಲ್ಲೂ ಇತ್ತು. ನನ್ನ ಹಾಳೆ ಅದರ ಮೇಲೆ ಬಿದ್ದಿತ್ತು, ಅಷ್ಟೇ.

ಜೀಪು ಹೋದ ಬುಧವಾರದಿಂದ ಎಣಿಸಿದರೆ ಹನ್ನೊಂದನೆಯ ವಾರ ಹುಡುಗಿ ತಾಯಿಯ ಹತ್ತಿರ ಬಂತು. ಕೂದಲು ಕತ್ತರಿಸಿದ್ದರು. ಮುಂಗೈಯಲ್ಲಿ ಏನೂ ಇರಲಿಲ್ಲ. ನನ್ನನ್ನು ನೋಡಿ ಗುರುತು ಹಿಡಿದು, ತಾಯಿಯ ಹಿಂದಕ್ಕೆ ಸರಿಯಿತು. ಸೆಟ್ಟಿಂಗು ಆ ವಾರವೇ ಮೊದಲಿನಂತಾಯಿತು. ಆಮೇಲೆ ರೇಷ್ಮಾ ಮೇಡಂ ಕೂಸನ್ನು ಎತ್ತಿಕೊಂಡು ಕಚೇರಿಗೆ ಬಂದು, ಫೋನಿಗೊಮ್ಮೆಯಲ್ಲ, ಪ್ರತಿ ಹೆಸರಿಗೂ ಕೇಳುವಂತೆ ಮಾಡಿ ಹೋದರು. ನನಗೆ ಒಂದು ನೋಟಿಸು ಬಂತು. ಅದಕ್ಕೆ ಉತ್ತರ ಬರೆದೆ. ಎಂಟು ತಿಂಗಳು ಮುಗಿದವು.

ಆ ಇಬ್ಬರು ಹುಡುಗಿಯರಿಗೆ ಹೇಳಬೇಕಾದದ್ದು ಇಷ್ಟು. ಪೆಟ್ಟಿಗೆ ತೋರಿಸುವುದು ಕೆಲಸವಲ್ಲ. ಒತ್ತಿದ ಬೆರಳು ಯಾರದು ಎಂದು ಕೇಳುವುದು ಕೆಲಸ. ಹೌದು ಎಂಬುದನ್ನು ಯಂತ್ರ ಚೆನ್ನಾಗಿ ಇಟ್ಟುಕೊಳ್ಳುತ್ತದೆ, ಏಕೆಂದರೆ ಎಲ್ಲರಿಗೂ ಅದು ಬೇಕು. ಬ್ಯಾಡ ಎಂಬುದನ್ನು ನೀವು ಇಟ್ಟುಕೊಳ್ಳಬೇಕು, ಕೈಯಿಂದ, ಅವರ ಸಹಿ ಹಾಕಿಸಿ.

ನಾನು ಬರೆದದ್ದರಲ್ಲಿ ಅನುಮಾನ ಬಂದರೆ ಆ ಬುಧವಾರ ಅಲ್ಲಿದ್ದು ನೋಡಿದವರು ಇನ್ನೂ ಇದ್ದಾರೆ. ಮಾರುತಿ ಕೆಲಸ ಬಿಟ್ಟು ತನ್ನ ಊರು ಖಟಕ ಚಿಂಚೋಳಿಯಲ್ಲಿದ್ದಾನೆ. ಎಲ್ಲಿಯವರೆಗೆ ಓಡಿದ ಎಂದು ಕೇಳಿ, ತೋರಿಸುತ್ತಾನೆ. ಸುಗಂಧಾ ಅದೇ ಗೋದಾಮಿನಲ್ಲಿ ಈಗ ಹೆಂಗಸರ ಮೇಸ್ತ್ರಿ. ಅವತ್ತು ಅವಳು ಒಳಗಿನಿಂದ ಓಡಿಬಂದವರಲ್ಲಿ ಎರಡನೆಯವಳು. ಜೀಪಿನವನೂ ಇದ್ದಾನೆ, ಔರಾದ ಕಡೆ. ಅವನೂ ನೋಡಿದ್ದಾನೆ. ಕಸ್ತೂರಬಾಯಿ ಇದ್ದಾಳೆ. ಇದನ್ನು ಬರೆಯಲೇ ಎಂದು ಕೇಳಲು ಹೋಗಿದ್ದೆ. "ಬರೀರಿ ಸರ, ಖರೆ ನನ್ನ ಹೆಸರು ಬದಲಿ ಮಾಡ್ರಿ" ಎಂದಳು. ಮಾಡಿದ್ದೇನೆ.

ಇನ್ನೊಬ್ಬಳು ಅವಳ ಮಗಳು. ಈಗ ಹೈಸ್ಕೂಲಿನಲ್ಲಿ ಓದುತ್ತಾಳೆ. ಅವತ್ತು ಅವಳನ್ನೂ ಕೇಳಿದೆ, ನಿನ್ನ ಹೆಸರು ಬರೆಯಬಹುದೇ ಎಂದು. ಕೇಳಿ ಬಾಯಿ ಮುಚ್ಚಿಕೊಂಡು ಕೂತೆ. ಅವಳು ವಿಚಾರ ಮಾಡಿದಳು. ಆಮೇಲೆ, "ಬದಲಿ ಹೆಸರೂ ಬ್ಯಾಡ್ರಿ" ಎಂದಳು. ಭಾಲ್ಕಿಯ ಬಸ್ಸು ಹೋಗಿತ್ತು. ಮುಂದಿನ ಬಸ್ಸಿಗೆ ಮನೆಗೆ ಬಂದು ಟ್ರಂಕಿನಿಂದ ಕೆಂಪು ವಹಿ ತೆಗೆದು, ಕೊನೆಯ ಪುಟದಲ್ಲಿ ಅದನ್ನು ಬರೆದೆ.